ಕರ್ಮಣಿ ಪ್ರಯೋಗ

ಮೊದಲ ದಿನ ಕಂಡದ್ದನ್ನು ಒಂದು ಪುಟ ಬರೆಯಿರಿ
ಅಂದಿದ್ದಾರೆ ದುಲ್ಮಾ ಟೀಚರು.
ಒಂದು ಪುಟಕ್ಕೆ ಎಷ್ಟು ನೀಲಿ ಹಿಡಿಸೀತು?

ಎರ್ದೆನೆತ್ ಬಿಟ್ಟಾಗ ಹಿಮ ಇನ್ನೂ ಕರಗಿರಲಿಲ್ಲ.
ಸಮರ್ಕಂದದ ನಿಲ್ದಾಣದಲ್ಲಿ ಇಳಿದ ಹನ್ನೊಂದೂ ಜನ
ಈರುಳ್ಳಿ ಸುಲಿದ ಹಾಗೆ ಒಂದೊಂದೇ ಕೋಟು ಕಳಚಿ
ತೋಳ ಮೇಲೆ ಹೊತ್ತು ನಿಂತೆವು,
ಹಳೇ ಬಟ್ಟೆ ಮಾರಲು ಬಂದವರ ಹಾಗೆ.

ರೈಲಿನಲ್ಲೇ ಟೀಚರು ಅವನ ಪಕ್ಕ ಕೂತು
ಮೆಲ್ಲಗೆ ಹೇಳಿದ್ದರು:
"ನೋಡಪ್ಪ, ಈ ಊರಲ್ಲಿರುವ ನಾಲ್ಕು ದಿನ
ನಿನ್ನ ಹೆಸರು ಬತಾರ್ ಅಂತಿರಲಿ."
ತರಗತಿಗೆಲ್ಲ ಕುಳ್ಳ, ದಪ್ಪ ಗಾಜಿನ ಕನ್ನಡಕ,
ಕುದುರೆ ಹತ್ತಿರ ಬಂದರೆ ಸೀನುವವನು,
ಅವನ ಹೆಸರು ಚಿಂಗಿಸ್.
ತಾತ ಇಟ್ಟದ್ದು. ಅವನೇನು ಮಾಡಿಯಾನು?

ಹೋಟೆಲಿನ ಹುಡುಗಿ ಪಾಸ್‌ಪೋರ್ಟು ತಿರುವಿ ತಡೆದಳು,
ಮುಖ ನೋಡಿದಳು, ಕನ್ನಡಕ ನೋಡಿದಳು,
ಮೂರನೇ ಮಹಡಿಯ ಬೀಗದ ಕೈ ಕೊಟ್ಟಳು.
ಅಲ್ಲಿ ಬಿಸಿನೀರು ಬರುವುದಿಲ್ಲ.
"ನೋಡಿದಿರಾ, ಸೇಡು!" ಅಂದ ತುಗುಲ್ದುರ್.
ಎರಡನೆಯದರಲ್ಲೂ ಬರುವುದಿಲ್ಲವೆಂದು ಆಮೇಲೆ ತಿಳಿಯಿತು.

ರೆಗಿಸ್ತಾನ್ ಚೌಕದಲ್ಲಿ ಕತ್ತು ನೋವು.
ಒಂದು ಮದರಸಾದ ಹಣೆಯ ಮೇಲೆ ಎರಡು ಹುಲಿ,
ಹುಲಿಗಳ ಬೆನ್ನ ಮೇಲೆ ಸೂರ್ಯ,
ಸೂರ್ಯನಿಗೆ ಕಿರಿಗಣ್ಣು, ಅಗಲ ಕೆನ್ನೆ.
ಥೇಟ್ ಸಾರ್ನೈಯ ಚಿಕ್ಕಮ್ಮ! ಅಂತ ನಕ್ಕೆವು.
ಆ ಕೆನ್ನೆ ಇಷ್ಟು ದೂರ ಹೇಗೆ ಬಂತು
ಅಂತ ಯಾರೋ ಕೇಳಿದರು.
ನಗು ಅಲ್ಲಿಗೇ ನಿಂತಿತು.

ಮಧ್ಯಾಹ್ನ ಅಫ್ರಾಸಿಯಾಬ್ ದಿಬ್ಬ.
ಹಳೆಯ ಊರು ಇದೇ, ಅಂದರು ಗೈಡ್ ಮವ್ಲೂದಾ.
ಊರೆಲ್ಲಿ? ಒಣಹುಲ್ಲು, ಕೊರಕಲು, ಏಳೆಂಟು ಮೇಕೆ.
ವರ್ಷಗಟ್ಟಲೆ ಹೇಳಿ ಬಾಯಿಪಾಠವಾದ ಮಾತಿಗೆ
ಇವತ್ತು ಮಾತ್ರ ತಡವರಿಸಿದರು:
"ಸಾವಿರದ ಇನ್ನೂರ ಇಪ್ಪತ್ತರಲ್ಲಿ
ಕೋಟೆ ಒಡೆಯಲ್ಪಟ್ಟಿತು.
ಸೀಸದ ಕಾಲುವೆ ಕೀಳಲ್ಪಟ್ಟಿತು.
ಜನ ಕೊಲ್ಲಲ್ಪಟ್ಟರು."
ಯಾರಿಂದ ಅನ್ನುವ ಜಾಗದಲ್ಲಿ
ಪ್ರತಿ ಸಲವೂ ಒಂದು ಉಸಿರಿನಷ್ಟು ಖಾಲಿ.

ಕರ್ಮಣಿ ಪ್ರಯೋಗ ಯಾತಕ್ಕೆ ಬೇಕು
ಅಂತ ವ್ಯಾಕರಣದ ಪೀರಿಯಡ್ಡಿನಲ್ಲಿ ಜಗಳ ಆಡಿದವಳು ನಾನು.
ಅತಿಥಿಗಳ ಮನಸ್ಸು ನೋಯದಿರಲಿ ಅಂತ ಬೇಕು.

ಬತಾರ್ ಆಗಿದ್ದ ಹುಡುಗ
ಬೂಟಿನ ತುದಿಯಲ್ಲಿ ಒಂದು ಮಡಕೆ ಚೂರು ತಿರುವಿದ.
ಅದರ ಒಳಮೈ ನೀಲಿ.
ಎತ್ತಿಕೊಳ್ಳಲಿಲ್ಲ. ಇದ್ದ ಹಾಗೇ ಬೋರಲು ಹಾಕಿದ.

ಸಂಜೆ ಸಿಯೋಬ್ ಬಜಾರು.
ಕೂಸು ತಳ್ಳುವ ಗಾಡಿಯಲ್ಲಿ ರೊಟ್ಟಿ ಮಲಗಿಸಿಕೊಂಡು
ಸಾದತ್ ಅಜ್ಜಿ, ಬಾಯ್ತುಂಬ ಚಿನ್ನದ ಹಲ್ಲು.
ನಡುವೆ ಹೂವಿನ ಅಚ್ಚು ಒತ್ತಿದ ರೊಟ್ಟಿ,
ತೂಕ ನಮ್ಮ ನಿಘಂಟಿನಷ್ಟು.
ನಿನ್ನ ಹೆಸರೇನು ಮಗೂ, ಅಂತ ಸನ್ನೆಯಲ್ಲೇ ಕೇಳಿದಳು.
ಟೀಚರು ಕೆಮ್ಮಿದರು.
"ಚಿಂಗಿಸ್" ಅಂದುಬಿಟ್ಟ.

ಅಜ್ಜಿ ಸೊಂಟಕ್ಕೆ ಕೈಕೊಟ್ಟು
ಬಜಾರಿಗೆ ಬಜಾರೇ ತಿರುಗುವಂತೆ ಕೂಗಿದಳು:
"ಚಿಂಗಿಸ್!"
ಮುಗಿಯಿತು ನಮ್ಮ ಕತೆ ಅಂದುಕೊಂಡೆವು.
ಹಿಂದಿನ ಓಣಿಯಿಂದ, ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡ
ಒಬ್ಬ ಹುಡುಗ ಮೂಟೆ ಸಮೇತ ಓಡಿಬಂದ.
ಅವಳ ಮೊಮ್ಮಗ.

ಇಬ್ಬರು ಚಿಂಗಿಸರೂ ಏನೂ ತೋಚದೆ
ಕೈ ಕುಲುಕಿದರು.
ನಮ್ಮವನ ಕಪ್ಪು ತೋಳಿನ ಮೇಲೆ
ಐದು ಬಿಳಿ ಬೆರಳು.
ಅವನು ಗುಮ್ಮಟ ತೋರಿಸಿ "ಕೋಕ್" ಅಂದ.
ಇವನು ತಲೆಯಾಡಿಸಿ "ಹೋಹ್" ಅಂದ.
ಎರಡೂ ನೀಲಿಯೇ.
ಮುಂದಕ್ಕೆ ಮಾತು ಸಾಗಲಿಲ್ಲ, ಗಂಟಲೊಳಗೆ ನಗುತ್ತ ನಿಂತರು.
ಅಜ್ಜಿ ರೊಟ್ಟಿಗೆ ಪೂರ್ತಿ ದುಡ್ಡು ಇಸಕೊಂಡಳು,
ಒಂದು ಸೋಮ್ ಬಿಡಲಿಲ್ಲ.

ರಾತ್ರಿ ಮೂರನೇ ಮಹಡಿಯ ಓಣಿಯಲ್ಲಿ
ರೊಟ್ಟಿ ಮುರಿಯಲ್ಪಟ್ಟಿತು, ಅಂತ ಬರೆದೆ.
ಹೊಡೆದುಹಾಕಿದೆ.
ನಾವು ಮುರಿದೆವು.
ಗಟ್ಟಿಯಿತ್ತು, ಮಂಡಿಗೆ ಆನಿಸಿ ಮುರಿಯಬೇಕಾಯಿತು.
ಚಿಂಗಿಸ್ ಕೋಟು ಕೊಡವದೆ ಹಾಗೇ ಮಡಿಸಿಟ್ಟಿದ್ದಾನೆ.
ಪುಟದ ಮೇಲೆಲ್ಲ ಎಳ್ಳು ಬಿದ್ದಿದೆ,
ಕ್ಷಮಿಸಿ ಟೀಚರ್.